ಆಂಡೀಸಿನ ದ್ವೀಪಮಾಲೆ

ದಕ್ಷಿಣ ಅಮೆರಿಕ ಖಂಡದ ಪಶ್ಚಿಮದ ಅಂಚಿನುದ್ದಕ್ಕೂ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 7,000 ಕಿಲೋಮೀಟರುಗಳಷ್ಟು ದೂರ, ಆಂಡೀಸ್ ಪರ್ವತಶ್ರೇಣಿ ಹಬ್ಬಿದೆ. ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದ ಮುಳ್ಳಯ್ಯನಗಿರಿಯ ಎತ್ತರ 2,000 ಮೀಟರುಗಳಿಗಿಂತ ತುಸು ಕಡಿಮೆ. ಆಂಡೀಸಿನಲ್ಲಾದರೋ ಇದರ ಇಮ್ಮಡಿ ಎತ್ತರದಲ್ಲಿಯೂ ಊರುಗಳಿವೆ, ಹೊಲಗಳಿವೆ, ಮಂದೆ ಕಾಯುವವರ ಹಟ್ಟಿಗಳಿವೆ. ಬಯಲುನಾಡಿನಿಂದ ಬಂದವನಿಗೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಹಗಲು ಸುಡುಬಿಸಿಲು, ಇರುಳು ನೀರು ಹೆಪ್ಪುಗಟ್ಟುವ ಚಳಿ. ಇಂತಹ ಸ್ಥಳದಲ್ಲಿ ಮನುಷ್ಯರು ಬದುಕಿದ್ದೇ ಒಂದು ಸೋಜಿಗ. ಅಲ್ಲಿ ದೊಡ್ಡದೊಂದು ರಾಜ್ಯವನ್ನೇ ಕಟ್ಟಿದರೆಂಬುದು ಅದಕ್ಕಿಂತಲೂ ಮಿಗಿಲಾದ ಸೋಜಿಗ.

ಪೆರು ದೇಶದ ಕಡಲತೀರದಿಂದ ಹೊರಟು ಪೂರ್ವಕ್ಕೆ ನಡೆಯುವ ಪಥಿಕನೊಬ್ಬನನ್ನು ಊಹಿಸಿಕೊಳ್ಳೋಣ. ಮೊದಲು ಅವನಿಗೆ ಎದುರಾಗುವುದು ಮಳೆಯೇ ಕಾಣದ ಮರುಭೂಮಿ. ಬೆಟ್ಟದಿಂದ ಇಳಿದುಬರುವ ಹೊಳೆಗಳ ಇಕ್ಕೆಲಗಳಲ್ಲಿ ಮಾತ್ರ ಹಸಿರು ಪಟ್ಟಿಗಳು. ಅಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುತ್ತವೆ. ಕಣಿವೆಯನ್ನು ಹಿಡಿದು ಮೇಲೇರಿದರೆ ಮುಸುಕಿನ ಜೋಳದ ಹೊಲಗಳು. ಇನ್ನೂ ಮೇಲೇರಿದಂತೆ ಜೋಳ ಚಳಿಗೆ ಸೋತು ಹಿಂದೆ ಉಳಿಯುತ್ತದೆ. ಆಲೂಗೆಡ್ಡೆಯ ಸೀಮೆ ಆರಂಭವಾಗುತ್ತದೆ. ಸುಮಾರು 4,000 ಮೀಟರುಗಳ ಮೇಲೆ ಬೆಳೆಯೂ ಇಲ್ಲ, ಮರವೂ ಇಲ್ಲ. ಒರಟು ಹುಲ್ಲಿನ ವಿಶಾಲವಾದ ಮಾಳ. ಅಲ್ಲಿ ಲಾಮಾ, ಅಲ್ಪಾಕಾ ಎಂಬ, ಒಂಟೆಯ ಬಳಗಕ್ಕೆ ಸೇರಿದ ಪ್ರಾಣಿಗಳು ಮೇಯುತ್ತವೆ. ಹಿಮದ ಶಿಖರಗಳನ್ನು ದಾಟಿ ಆಚೆಗೆ ಇಳಿದರೆ ಮಂಜು ಕವಿದ, ಸದಾ ತೊಟ್ಟಿಕ್ಕುವ ದಟ್ಟ ಕಾಡು. ಕೋಕಾ ಎಂಬ ಎಲೆ, ಮರಮುಟ್ಟು, ಜೇನು ಅಲ್ಲಿಯ ಸಂಪತ್ತು. ಹೀಗೆ ಕೆಲವೇ ದಿನಗಳ ಕಾಲ್ನಡಿಗೆಯಲ್ಲಿ ಪಥಿಕನು ಹಲವು ದೇಶಗಳ ಹವೆಯನ್ನು ಉಂಡಂತಾಗುತ್ತದೆ. ಒಂದೊಂದು ಎತ್ತರದಲ್ಲಿ ಒಂದೊಂದು ವಸ್ತು ದೊರೆಯುತ್ತದೆ. ಎಲ್ಲವೂ ದೊರೆಯುವ ಎತ್ತರ ಮಾತ್ರ ಯಾವುದೂ ಇಲ್ಲ.

ಈ ನಾಡಿನಲ್ಲಿ ಹದಿನೈದನೆಯ ಶತಮಾನದಲ್ಲಿ ಇಂಕಾ ಅರಸರು ಪ್ರಬಲರಾದರು. ಕುಸ್ಕೊ ನಗರ ಅವರ ರಾಜಧಾನಿ. ಇಂದಿನ ಈಕ್ವೆಡಾರ್, ಪೆರು, ಬೊಲಿವಿಯಾಗಳನ್ನೂ ಚಿಲಿ ಮತ್ತು ಅರ್ಜೆಂಟೀನಗಳ ಭಾಗಗಳನ್ನೂ ಒಳಗೊಂಡ ಆ ರಾಜ್ಯವನ್ನು ಅವರು ತವಾಂತಿನ್‌ಸುಯು, ಎಂದರೆ ಕೂಡಿಕೊಂಡ ನಾಲ್ಕು ಸೀಮೆಗಳು, ಎಂದು ಕರೆದರು. ಅವರಲ್ಲಿ ನಾವು ಬಲ್ಲಂಥ ಬರಹವಿರಲಿಲ್ಲ, ಗಾಲಿಯ ಬಂಡಿಯಿರಲಿಲ್ಲ, ನಾಣ್ಯವಿರಲಿಲ್ಲ. ಆದರೂ ಲಕ್ಷಾಂತರ ಜನ ಹೊಟ್ಟೆ ತುಂಬ ಉಣ್ಣುತ್ತಿದ್ದರು. ದಂಡು ಸಾವಿರಾರು ಕಿಲೋಮೀಟರು ನಡೆದುಹೋದರೂ ಉಪವಾಸ ಬೀಳುತ್ತಿರಲಿಲ್ಲ. 1532ರಲ್ಲಿ ಫ್ರಾನ್ಸಿಸ್ಕೊ ಪಿಸಾರೊ ಎಂಬ ಸ್ಪೇನಿನ ಸಾಹಸಿಯು ಇನ್ನೂರಕ್ಕೂ ಕಡಿಮೆ ಸೈನಿಕರೊಡನೆ ಬಂದು ಕಹಮಾರ್ಕ ಎಂಬಲ್ಲಿ ಅರಸ ಅತಾವಲ್ಪನನ್ನು ಸೆರೆಹಿಡಿದನು. ಮರುವರ್ಷ ಅರಸನನ್ನು ಕೊಲ್ಲಿಸಿದನು. ಅಲ್ಲಿಂದ ಮುಂದೆ ಇಂಕಾ ಜನರ ಕಥೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರೇ.

ಗೆದ್ದವರು ಬರೆದ ಚರಿತ್ರೆಯಲ್ಲಿ ಸೋತವರ ಮಾತು ಕೇಳಿಸುವುದು ಕಷ್ಟ. ಕೆಲವರು ಇಂಕಾ ಅರಸರನ್ನು ಕ್ರೂರಿಗಳೆಂದು ಚಿತ್ರಿಸಿದರು. ಕೆಲವರು ಪ್ರಜೆಗಳನ್ನು ಮಕ್ಕಳಂತೆ ಸಾಕಿದ ಧರ್ಮಪ್ರಭುಗಳೆಂದು ಕೊಂಡಾಡಿದರು. 1928ರಲ್ಲಿ ಲೂಯಿ ಬೋದಾಂ ಎಂಬ ಫ್ರಾನ್ಸಿನ ಅರ್ಥಶಾಸ್ತ್ರಜ್ಞನು ಅದೊಂದು ಸಮಾಜವಾದಿ ಸಾಮ್ರಾಜ್ಯವೆಂದೇ ಹೆಸರಿಟ್ಟು ಗ್ರಂಥ ರಚಿಸಿದನು. ಹೊಗಳಿದವರೂ ತೆಗಳಿದವರೂ ತಮ್ಮ ತಮ್ಮ ದೇಶದ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಆಂಡೀಸನ್ನು ಅಳೆದರು. ಆ ಬೆಟ್ಟದ ರೈತನು ತನ್ನ ಬದುಕನ್ನು ಯಾವ ಕಟ್ಟಿನಲ್ಲಿ ಕಟ್ಟಿಕೊಂಡಿದ್ದನು, ಅರಸನಿಗೆ ಏನು ಕೊಡುತ್ತಿದ್ದನು, ಅರಸನಿಂದ ಏನು ಪಡೆಯುತ್ತಿದ್ದನು ಎಂಬ ಪ್ರಶ್ನೆಯನ್ನು ರೈತನ ಮಾತಿನಿಂದಲೇ ತಿಳಿಯಲು ಹೊರಟವರಲ್ಲಿ ಜಾನ್ ವಿಕ್ಟರ್ ಮುರ್ರಾ ಎಂಬ ಮಾನವಶಾಸ್ತ್ರಜ್ಞರು ಪ್ರಮುಖರು.

ಮುರ್ರಾ ಅವರು ಹುಟ್ಟಿದ್ದು 1916ರಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದ ಒಂದು ಯೆಹೂದಿ ಕುಟುಂಬದಲ್ಲಿ. ಆಗ ಅವರ ಹೆಸರು ಇಸಾಕ್ ಲಿಪ್‌ಶಿಟ್ಸ್. ಬೆಳೆದದ್ದು ರುಮೇನಿಯದಲ್ಲಿ. ಹದಿಹರೆಯದಲ್ಲಿಯೇ ರಾಜಕೀಯ ಚಟುವಟಿಕೆಗಳಿಗಾಗಿ ಸೆರೆಮನೆಯನ್ನು ಕಂಡರು. 1934ರ ಕೊನೆಯಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿದ್ದ ಬಂಧುವಿನ ಬಳಿಗೆ ಬಂದು ಅಲ್ಲಿನ ವಿಶ್ವವಿದ್ಯಾನಿಲಯವನ್ನು ಸೇರಿದರು. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ ಅದು. ಪದವಿ ಪಡೆದ ತರುಣ ಗಣರಾಜ್ಯದ ಪರವಾಗಿ ಹೋರಾಡಲು ಸ್ಪೇನಿಗೆ ಹೊರಟುಹೋದನು. ಹಲವು ದೇಶಗಳಿಂದ ಬಂದ ಸ್ವಯಂಸೇವಕರಿಗೆ ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯುತ್ತಿರಲಿಲ್ಲ. ಬಹುಭಾಷೆಗಳನ್ನು ಬಲ್ಲ ಮುರ್ರಾ ಅಲ್ಲಿ ದುಭಾಷಿಯಾದರು, ಯುದ್ಧದಲ್ಲಿ ಗಾಯಗೊಂಡರು. 1939ರಲ್ಲಿ ಶಿಕಾಗೊಗೆ ಮರಳಿದರು. ತಮಗೆ ನಿಜವಾದ ಪದವಿ ಕೊಟ್ಟದ್ದು ವಿಶ್ವವಿದ್ಯಾನಿಲಯವಲ್ಲ, ಆ ಯುದ್ಧವೇ ಎಂದು ಅವರು ಮುಂದೆ ಹೇಳಿಕೊಳ್ಳುತ್ತಿದ್ದುದುಂಟು.

ಆ ಯುದ್ಧದ ನೆರಳು ಅವರನ್ನು ಬಹುಕಾಲ ಬಿಡಲಿಲ್ಲ. ಸ್ಪೇನಿನಲ್ಲಿ ಹೋರಾಡಿದ್ದ ಕಾರಣಕ್ಕೆ ಅಮೆರಿಕದ ಪೌರತ್ವವನ್ನು ಅವರಿಗೆ ಮೊದಲು ನಿರಾಕರಿಸಲಾಯಿತು. ನ್ಯಾಯಾಲಯದಲ್ಲಿ ಹೋರಾಡಿ 1950ರಲ್ಲಿ ಅದನ್ನು ಪಡೆದರು. ರಹದಾರಿ ದೊರೆತದ್ದು ಇನ್ನೂ ತಡವಾಗಿ, 1956ರಲ್ಲಿ. ಮಾನವಶಾಸ್ತ್ರಜ್ಞನಾದವನು ತಾನು ಅರಿಯಬೇಕಾದ ಜನರ ನಡುವೆ ಹೋಗಿ ನೆಲೆಸಬೇಕು. ಅದೇ ಆ ಶಾಸ್ತ್ರದ ಮೊದಲ ಪಾಠ. ಮುರ್ರಾ 1941ರಲ್ಲಿ ಈಕ್ವೆಡಾರಿನ ಉತ್ಖನನವೊಂದರಲ್ಲಿ ದುಡಿದು ಆಂಡೀಸಿನ ರುಚಿ ಹತ್ತಿಸಿಕೊಂಡವರು. ಈಗ ಗಡಿ ದಾಟುವಂತಿಲ್ಲ. ಆಗ ಅವರು ಗ್ರಂಥಾಲಯವನ್ನೇ ತಮ್ಮ ಕ್ಷೇತ್ರವನ್ನಾಗಿ ಮಾಡಿಕೊಂಡರು. ನಾಲ್ಕು ಶತಮಾನಗಳ ಹಿಂದಿನ ಸ್ಪೇನಿನ ಬರಹಗಳನ್ನು ಒಂದೊಂದಾಗಿ ಓದಿದರು. ಆಫ್ರಿಕದ ರಾಜ್ಯಗಳನ್ನು ಕುರಿತ ವರದಿಗಳನ್ನು ಬದಿಯಲ್ಲಿಟ್ಟುಕೊಂಡು, ನಾಣ್ಯವೂ ಸಂತೆಯೂ ಪ್ರಧಾನವಲ್ಲದ ನಾಡುಗಳಲ್ಲಿ ಅರಸನಿಗೂ ಪ್ರಜೆಗೂ ಇರುವ ಕೊಡುಕೊಳೆ ಎಂಥದೆಂದು ಹೋಲಿಸಿ ನೋಡಿದರು. ಹೀಗೆ ಸಿದ್ಧವಾದ ಪ್ರಬಂಧಕ್ಕೆ 1956ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಇಂಕಾ ರಾಜ್ಯದ ಆರ್ಥಿಕ ವ್ಯವಸ್ಥೆಯೇ ಅದರ ವಸ್ತು.

ಅವರು ಕಂಡುಕೊಂಡ ಸಂಗತಿ ಮೇಲುನೋಟಕ್ಕೆ ಸರಳವಾಗಿ ತೋರುತ್ತದೆ. ಇಂಕಾ ಅರಸನು ರೈತನ ಕಣಜಕ್ಕೆ ಕೈ ಹಾಕುತ್ತಿರಲಿಲ್ಲ. ರೈತನು ತನ್ನ ಹೊಲದಲ್ಲಿ ಬೆಳೆದದ್ದು ರೈತನದು. ಅರಸನಿಗೆ ಅವನು ಕೊಡಬೇಕಾದದ್ದು ದುಡಿಮೆ ಮಾತ್ರ. ಅರಸನಿಗೆಂದು ಮೀಸಲಿಟ್ಟ ಹೊಲವನ್ನು ಊರವರೆಲ್ಲ ಕೂಡಿ ಉತ್ತು ಬಿತ್ತಿ ಕೊಯ್ದು ಸರ್ಕಾರದ ಉಗ್ರಾಣಕ್ಕೆ ತುಂಬುತ್ತಿದ್ದರು. ಬೀಜವೂ ಅರಸನದೇ. ಮಂಜು ಬಿದ್ದು ಬೆಳೆ ಸುಟ್ಟುಹೋದರೆ ನಷ್ಟ ಅರಸನಿಗೇ ಹೊರತು ರೈತನ ಮನೆಯ ಕಾಳಿಗಲ್ಲ. ದುಡಿಯಲು ಬಂದವರಿಗೆ ಊಟವನ್ನೂ ಜೋಳದಿಂದ ಮಾಡಿದ ಚೀಚಾ ಎಂಬ ಪಾನೀಯವನ್ನೂ ಕೊಡಬೇಕಾದುದು ಅರಸನ ಹೊಣೆ. ಹಾಡು, ವಾದ್ಯಗಳೂ ಇರುತ್ತಿದ್ದವು.

ಈ ಪದ್ಧತಿಯನ್ನು ಅರಸರು ಹೊಸದಾಗಿ ಹುಟ್ಟಿಸಿದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಮಾತಿದೆ. ಇಂದು ನಿನ್ನ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂಬ ಕೊಡುಕೊಳೆ ಅದು. ಕೂಲಿಯ ಲೆಕ್ಕ ಅಲ್ಲಿ ಬರುವುದಿಲ್ಲ; ಆದರೆ ಮುಯ್ಯಿ ತೀರಿಸದವನನ್ನು ಊರು ಮರೆಯುವುದೂ ಇಲ್ಲ. ಆಂಡೀಸಿನ ಕೆಚುವಾ ಭಾಷೆಯಲ್ಲಿ ಇಂತಹುದೇ ಪದ್ಧತಿಗೆ ಐನಿ ಎಂದು ಹೆಸರು. ಊರಿನ ಬಳಗದವರೊಳಗೆ ಬಾಳಿಕೊಂಡು ಬಂದಿದ್ದ ಈ ಮುಯ್ಯಿಯ ಭಾಷೆಯನ್ನೇ ಇಂಕಾ ಅರಸರು ತಮ್ಮ ಆಳ್ವಿಕೆಯ ಭಾಷೆಯನ್ನಾಗಿ ಮಾಡಿಕೊಂಡರೆಂದು ಮುರ್ರಾ ತೋರಿಸಿದರು. ಹಾಗೆಂದು ಅವರು ಇಂಕಾ ಅರಸರನ್ನು ದೇವರಾಗಿಸಲಿಲ್ಲ. ಗೆದ್ದ ಸೀಮೆಗಳಿಂದ ಜನರನ್ನು ಕಿತ್ತು ದೂರ ದೂರದ ನೆಲದಲ್ಲಿ ನೆಟ್ಟುದನ್ನೂ, ಹೆಣ್ಣುಮಕ್ಕಳನ್ನು ಆಯ್ದು ತಂದು ಜೀವಮಾನವಿಡೀ ನೂಲಲು ನೇಯಲು ಇರಿಸಿದ್ದನ್ನೂ ಅವರು ಮುಚ್ಚಿಡಲಿಲ್ಲ. ಮುಯ್ಯಿ ಎಂಬುದು ಅರಮನೆಯ ಬಾಗಿಲನ್ನು ಸೇರಿದಾಗ ಅದರ ತಕ್ಕಡಿ ಒಂದು ಕಡೆಗೆ ವಾಲದೆ ಇರುವುದಿಲ್ಲ.

ನೇಯ್ಗೆಯ ವಿಚಾರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. 1962ರಲ್ಲಿ ಮುರ್ರಾ ಇಂಕಾ ರಾಜ್ಯದಲ್ಲಿ ಬಟ್ಟೆಗೆ ಇದ್ದ ಸ್ಥಾನವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಚಿನ್ನದ ಆಸೆಯಿಂದ ಬಂದ ಸ್ಪೇನಿನವರು ಉಗ್ರಾಣಗಳ ಬಾಗಿಲು ತೆರೆದಾಗ ಸೂರಿನವರೆಗೆ ಒಟ್ಟಿದ ಬಟ್ಟೆಯ ರಾಶಿಗಳನ್ನು ಕಂಡು ಬೆರಗಾಗಿದ್ದರು. ಇಷ್ಟು ಬಟ್ಟೆ ಏಕೆ? ಆಂಡೀಸಿನಲ್ಲಿ ಮಗು ಹುಟ್ಟಿದರೆ ಬಟ್ಟೆ, ಹುಡುಗ ಪ್ರಾಯಕ್ಕೆ ಬಂದರೆ ಬಟ್ಟೆ, ಮದುವೆಗೆ ಬಟ್ಟೆ, ಸತ್ತವರಿಗೆ ಬಟ್ಟೆ. ದೇವರಿಗೆ ನಯವಾದ ಬಟ್ಟೆಯನ್ನು ಸುಟ್ಟು ಅರ್ಪಿಸುತ್ತಿದ್ದರು. ದಂಡಿನಲ್ಲಿ ದುಡಿದವನಿಗೆ ಅರಸನ ಬಟ್ಟೆಯೇ ಬಿರುದು. ಹೊಸದಾಗಿ ಗೆದ್ದ ಸೀಮೆಯ ನಾಯಕನಿಗೆ ಅರಸನು ಮೊದಲು ಕಳುಹಿಸುತ್ತಿದ್ದುದೂ ಬಟ್ಟೆಯನ್ನೇ. ಅದನ್ನು ತೆಗೆದುಕೊಂಡವನು ಅಧೀನನಾದನೆಂದೇ ಅರ್ಥ. ಉಡುಗೊರೆಯ ಒಡಲಲ್ಲಿಯೇ ಆಜ್ಞೆ ಅಡಗಿತ್ತು. ಉಣ್ಣೆಯನ್ನು ಸರ್ಕಾರ ಮನೆಮನೆಗೆ ಹಂಚುತ್ತಿತ್ತು; ಅದನ್ನು ನೂತು ನೇಯ್ದು ಒಪ್ಪಿಸುವುದು ಆ ಮನೆಯ ಪಾಲಿನ ದುಡಿಮೆ. ನಾಣ್ಯವಿಲ್ಲದ ರಾಜ್ಯದಲ್ಲಿ ಮಗ್ಗವೇ ಟಂಕಸಾಲೆಯಾಗಿತ್ತೆಂದರೆ ಸ್ವಲ್ಪ ಅತಿಶಯವಾದರೂ ಸುಳ್ಳಾಗದು.

ಇದಿಷ್ಟೂ ಅರಸನ ಕಡೆಯ ನೋಟ. ರೈತನ ಮನೆಯೊಳಗಿನ ನೋಟ ದೊರೆತದ್ದು ಅನಿರೀಕ್ಷಿತವಾದ ಒಂದು ಆಕರದಿಂದ. ಸ್ಪೇನಿನ ಕಂದಾಯದ ಕಡತಗಳಿಂದ. ದೇಶವನ್ನು ಗೆದ್ದ ಮೇಲೆ ಸ್ಪೇನಿನ ಅರಸನಿಗೆ ಒಂದು ಸಂದೇಹ ಹುಟ್ಟಿತು: ಈ ಜನರು ಹಿಂದೆ ಇಂಕಾ ಅರಸರಿಗೆ ಏನು ತೆರುತ್ತಿದ್ದರು, ಈಗ ಅವರಿಂದ ಎಷ್ಟು ವಸೂಲು ಮಾಡಬಹುದು? ಇದನ್ನು ತಿಳಿಯಲು ಅಧಿಕಾರಿಗಳು ಪ್ರಶ್ನೆಗಳ ಪಟ್ಟಿ ಹಿಡಿದು ಊರೂರು ಸುತ್ತಿದರು. 1562ರಲ್ಲಿ ಇನಿಗೊ ಒರ್ಟಿಸ್ ಎಂಬ ಅಧಿಕಾರಿ ಮಧ್ಯ ಪೆರುವಿನ ವಾನುಕೊ ಸೀಮೆಯಲ್ಲಿ ಚುಪಾಚು ಎಂಬ ಜನರ ನಡುವೆ ಮನೆಮನೆಗೂ ಹೋದನು. ಮನೆಯಲ್ಲಿ ಯಾರಿದ್ದಾರೆ, ವಯಸ್ಸೆಷ್ಟು, ಎಷ್ಟು ಮಕ್ಕಳು, ಎಲ್ಲೆಲ್ಲಿ ಹೊಲವಿದೆ, ಎಷ್ಟು ಬಟ್ಟೆ ನೇಯುತ್ತಾರೆ ಎಂಬುದೆಲ್ಲವನ್ನೂ ಗುಮಾಸ್ತನು ಬರೆದುಕೊಂಡನು. ಅಧಿಕಾರಿಯ ಉದ್ದೇಶ ತೆರಿಗೆ. ಆದರೆ ಆ ಕಡತದಲ್ಲಿ ಇಂಕಾ ಅರಸರ ಕಾಲವನ್ನು ಕಣ್ಣಾರೆ ಕಂಡಿದ್ದ ಮುದುಕರ ಮಾತು ಉಳಿದುಕೊಂಡಿತು.

ಇಂತಹ ಕಾಗದವನ್ನು ಕೈಗೆ ತೆಗೆದುಕೊಂಡವನಿಗೆ ಮೊದಲು ಆಕಳಿಕೆ ಬಂದರೆ ಆಶ್ಚರ್ಯವಿಲ್ಲ. ಹೆಸರು, ವಯಸ್ಸು, ಮೆಣಸಿನಕಾಯಿಯ ಬುಟ್ಟಿ, ಉಪ್ಪಿನ ಗಡ್ಡೆ, ಮತ್ತೆ ಹೆಸರು, ಮತ್ತೆ ವಯಸ್ಸು. ಮುರ್ರಾ ಅದನ್ನು ಕಾದಂಬರಿಯಂತೆ ಓದಿದರು. ಓದಿದಂತೆಲ್ಲ ಅವರಿಗೆ ಒಂದು ವಿಚಿತ್ರ ಗೋಚರಿಸಿತು. ಚುಪಾಚು ಜನರು ಎರಡೂವರೆಯಿಂದ ಮೂರು ಸಾವಿರ ಕುಟುಂಬಗಳ ಒಂದು ಸಣ್ಣ ಸಮುದಾಯ. ಅವರ ಹೆಚ್ಚಿನ ಊರುಗಳು ಜೋಳ ಮತ್ತು ಆಲೂಗೆಡ್ಡೆ ಬೆಳೆಯುವ ಎತ್ತರದಲ್ಲಿದ್ದವು. ಆದರೆ ಅಲ್ಲಿಂದ ಮೂರು ದಿನ ಮೇಲೆ ಹತ್ತಿದರೆ ಉಪ್ಪು ತೆಗೆಯುವ ತಾಣದಲ್ಲಿ ಅವರ ಕೆಲವು ಮನೆಗಳು. ಹುಲ್ಲುಗಾವಲಿನಲ್ಲಿ ಮಂದೆ ಕಾಯುವ ಇನ್ನು ಕೆಲವು. ಮೂರು ನಾಲ್ಕು ದಿನ ಕೆಳಗಿಳಿದರೆ ಕಾಡಿನಂಚಿನಲ್ಲಿ ಕೋಕಾ ಬೆಳೆಯುವ ಮನೆಗಳು. ನಡುವಣ ನೆಲವೆಲ್ಲ ಚುಪಾಚುಗಳದೇ ಎಂದಲ್ಲ. ಅಲ್ಲಿ ಬೇರೆ ಜನರಿದ್ದರು. ಅಷ್ಟೇಕೆ, ಉಪ್ಪಿನ ತಾಣದಲ್ಲಿ, ಕೋಕಾದ ತೋಟದಲ್ಲಿ ಹಲವು ಸಮುದಾಯಗಳ ಜನ ಒಬ್ಬರ ಪಕ್ಕದಲ್ಲಿ ಒಬ್ಬರು ನೆಲೆಸಿದ್ದರು. ಹೀಗೆ ದೂರದಲ್ಲಿ ನೆಲೆಸಿದವನು ತನ್ನ ಊರಿಗೆ ಪರಕೀಯನಾಗುತ್ತಿರಲಿಲ್ಲ. ಹುಟ್ಟೂರಿನ ಹೊಲದ ಮೇಲೆ ಅವನ ಹಕ್ಕು ಹಾಗೆಯೇ ಉಳಿಯುತ್ತಿತ್ತು. ಅವನು ತೆಗೆದ ಉಪ್ಪು ಊರಿಗೆ ಬರುತ್ತಿತ್ತು. ಊರಿನ ಜೋಳ ಅವನಿಗೆ ಹೋಗುತ್ತಿತ್ತು. ಇದು ವ್ಯಾಪಾರವಲ್ಲ; ಒಂದೇ ಮನೆಯ ಅಡುಗೆಮನೆಗೂ ಹಿತ್ತಲಿಗೂ ನಡೆಯುವ ಓಡಾಟದಂತೆ.

ಈ ವ್ಯವಸ್ಥೆಗೆ ಮುರ್ರಾ ಒಂದು ಹೆಸರನ್ನು ಕೊಟ್ಟರು: ಲಂಬವಾದ ದ್ವೀಪಮಾಲೆ. ಸಮುದ್ರದಲ್ಲಿ ಒಂದಕ್ಕೊಂದು ದೂರವಿದ್ದರೂ ಒಂದೇ ರಾಜ್ಯಕ್ಕೆ ಸೇರಿದ ದ್ವೀಪಗಳಿರುತ್ತವಷ್ಟೆ. ಅಂಥ ದ್ವೀಪಮಾಲೆಯೊಂದನ್ನು ಎತ್ತಿ ಬೆಟ್ಟದ ಇಳಿಜಾರಿಗೆ ಒರಗಿಸಿ ನಿಲ್ಲಿಸಿದಂತೆ ಈ ನೆಲೆಗಳಿದ್ದವು. 1972ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟವಾದ ಅವರ ಪ್ರಬಂಧ ಆಂಡೀಸಿನ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಹೊರಗಿನವರು ಯಾವ ನೆಲವನ್ನು ತುಂಡುತುಂಡಾದ ಬಡನೆಲವೆಂದು ಕರೆದಿದ್ದರೋ ಅದೇ ತುಂಡುಗಳನ್ನು ಅಲ್ಲಿಯ ಜನ ಪೋಣಿಸಿ ಸರ ಮಾಡಿಕೊಂಡಿದ್ದರು. ಒಂದು ಎತ್ತರದಲ್ಲಿ ಮಂಜು ಬಿದ್ದರೆ ಇನ್ನೊಂದು ಎತ್ತರ ಅನ್ನ ಕೊಡುತ್ತಿತ್ತು.

ಮಂಜನ್ನೂ ಅವರು ಕೆಲಸಕ್ಕೆ ಹಚ್ಚಿದ್ದರೆಂಬುದನ್ನು ನೆನೆದರೆ ಅವರ ಜಾಣ್ಮೆಗೆ ತಲೆದೂಗಬೇಕಾಗುತ್ತದೆ. ಆಲೂಗೆಡ್ಡೆಯನ್ನು ಚಳಿಗಾಲದ ಇರುಳಿನಲ್ಲಿ ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲಿನಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸುತ್ತಾರೆ. ಹಲವು ದಿನ ಹೀಗೆ ಮಾಡಿದರೆ ಅದು ಕಲ್ಲಿನಂತೆ ಗಟ್ಟಿಯಾಗಿ, ಹಗುರಾಗಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಚುನ್ಯೊ ಎಂದು ಅದರ ಹೆಸರು. ಇಂದು ಹಾಸನ, ಚಿಕ್ಕಬಳ್ಳಾಪುರಗಳ ಹೊಲಗಳಲ್ಲಿ ನಮ್ಮ ರೈತರು ಬೆಳೆಯುವ ಆಲೂಗೆಡ್ಡೆಯ ತವರೂ ಈ ಬೆಟ್ಟಗಳೇ. ಸಾವಿರಾರು ವರ್ಷಗಳ ಹಿಂದೆ ಕಾಡುಗೆಡ್ಡೆಯನ್ನು ಪಳಗಿಸಿದವರು ಈ ಜನರ ಪೂರ್ವಿಕರು.

ಚುಪಾಚುಗಳದು ಚಿಕ್ಕ ಸಮುದಾಯ. ದೊಡ್ಡ ಸಮುದಾಯವೊಂದು ಹೀಗೆ ಬದುಕಲು ಸಾಧ್ಯವೆ? ಇದಕ್ಕೆ ಉತ್ತರ ದೊರೆತದ್ದು ಇನ್ನೊಂದು ಕಡತದಿಂದ. 3,800 ಮೀಟರುಗಳಿಗೂ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ದಡದಲ್ಲಿ ಲುಪಾಕಾ ಎಂಬ, ಐಮಾರಾ ಭಾಷೆಯನ್ನಾಡುವ ಜನರಿದ್ದರು. 1567ರಲ್ಲಿ ಗಾರ್ಸಿ ದಿಯೆಸ್ ಎಂಬ ಅಧಿಕಾರಿ ಅವರನ್ನು ವಿಚಾರಿಸಿ ಬರೆದುಕೊಂಡ ಕಡತ ಸ್ಪೇನಿನ ಸೆವಿಲ್ ನಗರದ ಪತ್ರಾಗಾರದಲ್ಲಿತ್ತು. ಪೆರುವಿನ ಇತಿಹಾಸಕಾರರಾದ ವಾಲ್ಡೆಮಾರ್ ಎಸ್ಪಿನೊಸಾ ಅದರ ಹಳೆಯ ಲಿಪಿಯನ್ನು ಓದಿ ಪ್ರತಿ ಮಾಡಿದರು. ಆಗ ಲಿಮಾ ನಗರದ ಸಂಸ್ಕೃತಿ ಭವನದ ಮುಖ್ಯಸ್ಥರಾಗಿದ್ದವರು ಹೊಸೆ ಮರಿಯಾ ಆರ್ಗೆದಾಸ್. ಕೆಚುವಾ ನುಡಿಯ ಮಡಿಲಲ್ಲಿ ಬೆಳೆದ ಕಾದಂಬರಿಕಾರ, ಸ್ವತಃ ಮಾನವಶಾಸ್ತ್ರಜ್ಞ, ಮುರ್ರಾ ಅವರ ಆಪ್ತಮಿತ್ರ. 1964ರಲ್ಲಿ ಆ ಕಡತ ಮುರ್ರಾ ಅವರ ವಿವೇಚನೆಯೊಂದಿಗೆ ಗ್ರಂಥವಾಗಿ ಹೊರಬಂದಿತು.

ಲುಪಾಕಾ ಜನರು ಸುಮಾರು 20,000 ಕುಟುಂಬಗಳು. ಸರೋವರದ ದಡದಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದರು. ಅವರ ಲಾಮಾ ಮಂದೆಗಳು ಅಸಂಖ್ಯಾತ. ಜೋಳ ಮಾತ್ರ ಅಲ್ಲಿ ಬೆಳೆಯದು. ಅದಕ್ಕಾಗಿ ಹತ್ತು ಹದಿನೈದು ದಿನಗಳ ಪ್ರಯಾಣದಾಚೆ, ಪೆಸಿಫಿಕ್ ಸಾಗರದ ಕಡೆಯ ಮರುಭೂಮಿಯ ಓಯಸಿಸ್‌ಗಳಲ್ಲಿ, ಅವರ ನೆಲೆಗಳಿದ್ದವು. ಬೆಟ್ಟದ ಇನ್ನೊಂದು ಮಗ್ಗುಲಿನ ಕಾಡಿನಲ್ಲಿಯೂ ಕೋಕಾ ಮತ್ತು ಮರಮುಟ್ಟಿಗಾಗಿ ನೆಲೆಗಳಿದ್ದವು. ಲಾಮಾಗಳ ಸಾಲು ಹೇರು ಹೊತ್ತು ಇವುಗಳ ನಡುವೆ ಸಂಚರಿಸುತ್ತಿತ್ತು. ಸಮುದಾಯ ಹಿರಿದಾದಂತೆ ದ್ವೀಪಗಳೂ ದೂರವಾಗುತ್ತವೆ. ಕಟ್ಟು ಮಾತ್ರ ಸಡಿಲುವುದಿಲ್ಲ.

ಈ ಹೊತ್ತಿಗೆ ಮುರ್ರಾ ಅವರಿಗೆ ಗಡಿಯ ತಡೆ ಇರಲಿಲ್ಲ. 1963ರಿಂದ 1966ರವರೆಗೆ ಅವರು ವಾನುಕೊ ಸೀಮೆಯಲ್ಲಿಯೇ ಒಂದು ಸಂಶೋಧನ ತಂಡವನ್ನು ಕಟ್ಟಿ ದುಡಿದರು. 1562ರ ಕಡತದಲ್ಲಿ ಹೆಸರಿಸಿದ ಊರುಗಳು ಎಲ್ಲಿವೆಯೆಂದು ಕೆಲವರು ಹುಡುಕಿದರು, ಇಂದಿನ ಕೃಷಿಯನ್ನು ಕೆಲವರು ಅಭ್ಯಸಿಸಿದರು, ಕೆಲವರು ಅಗೆದರು. ಕಡತ, ಮಣ್ಣು, ಬದುಕಿರುವ ಮನುಷ್ಯ ಈ ಮೂರನ್ನೂ ಒಟ್ಟಿಗೆ ಕೇಳಬೇಕೆಂಬುದು ಅವರ ಹಟ. ಕ್ರೇಗ್ ಮಾರಿಸ್ ಎಂಬ ತರುಣ ಪುರಾತತ್ತ್ವಜ್ಞರು ಅಲ್ಲಿನ ವಾನುಕೊ ಪಾಂಪಾ ಎಂಬ ಹಾಳುಬಿದ್ದ ಇಂಕಾ ಪಟ್ಟಣದಲ್ಲಿ ಉತ್ಖನನ ನಡೆಸಿದರು. ಪಟ್ಟಣದ ಬದಿಯ ಗುಡ್ಡದ ಮೇಲೆ ಸಾಲು ಸಾಲಾಗಿ ಸುಮಾರು 500 ಉಗ್ರಾಣಗಳು ನಿಂತಿದ್ದವು. ದುಂಡನೆಯವು ಹೆಚ್ಚಾಗಿ ಜೋಳಕ್ಕೆ, ಚೌಕನೆಯವು ಗೆಡ್ಡೆಗೆ. ಗೆಡ್ಡೆಯನ್ನು ಹುಲ್ಲಿನ ನಡುವೆ ಅಡಕಿ ಇಡುತ್ತಿದ್ದರು; ಬೆಟ್ಟದ ತಂಪುಗಾಳಿಯೇ ಅದನ್ನು ಕಾಯುತ್ತಿತ್ತು. ಯಾರದೋ ಮುಯ್ಯಿಯ ದುಡಿಮೆ ಅಲ್ಲಿ ಕಲ್ಲಿನ ಗೋಡೆಗಳೊಳಗೆ ಅನ್ನವಾಗಿ ಕಾದು ಕುಳಿತಿರುತ್ತಿತ್ತು.

ಉಗ್ರಾಣದ ಲೆಕ್ಕವನ್ನು ಬರೆಹವಿಲ್ಲದೆ ಇಡುವುದೆಂತು? ಕಿಪು ಎಂಬ ಗಂಟಿನ ದಾರಗಳಿಂದ. ಒಂದು ದಪ್ಪ ಹುರಿಗೆ ಬಣ್ಣಬಣ್ಣದ ದಾರಗಳನ್ನು ಇಳಿಬಿಟ್ಟು, ಬಿಡಿ, ಹತ್ತು, ನೂರುಗಳ ಸ್ಥಾನಕ್ಕನುಸಾರವಾಗಿ ಗಂಟು ಹಾಕುತ್ತಿದ್ದರು. ಈ ದಶಮಾನ ಲೆಕ್ಕದ ಮರ್ಮವನ್ನು ಲೆಲಂಡ್ ಲಾಕ್ ಎಂಬ ಅಮೆರಿಕದ ವಿದ್ವಾಂಸರು 1912ರಲ್ಲಿ ಪ್ರಕಟಿಸಿದ್ದರು. ಲುಪಾಕಾ ನಾಯಕರು ಅಧಿಕಾರಿಯ ಮುಂದೆ ತಮ್ಮ ಜನಸಂಖ್ಯೆಯನ್ನು ಹೇಳಿದ್ದು ಇಂತಹ ದಾರಗಳನ್ನು ನೋಡಿಯೇ. ಆದರೆ ಎಲ್ಲಕ್ಕಿಂತ ಮನಕಲಕುವುದು ವಾಂಕಾ ಎಂಬ ಜನರ ಕಿಪುವಿನ ಕಥೆ. ಅವರು ಇಂಕಾ ಅರಸರ ಮೇಲಿನ ಮುನಿಸಿನಿಂದ ಸ್ಪೇನಿನವರನ್ನು ಮಿತ್ರರೆಂದು ಬರಮಾಡಿಕೊಂಡವರು. 1533ರಿಂದಲೂ ಪಿಸಾರೊನ ದಂಡಿಗೆ ಆಳುಗಳನ್ನೂ ಧಾನ್ಯವನ್ನೂ ಬಟ್ಟೆಯನ್ನೂ ಒದಗಿಸಿದರು. ಕೊಟ್ಟದ್ದನ್ನೆಲ್ಲ ಗಂಟು ಹಾಕಿಟ್ಟರು. ಸೈನಿಕರು ದೋಚಿದ್ದನ್ನೂ ಬಿಡಲಿಲ್ಲ. ಪ್ರತಿಫಲ ಬರುವುದೆಂದು ಕಾದರು. 1561ರಲ್ಲಿ ಅವರ ನಾಯಕ ಲಿಮಾ ನಗರದ ನ್ಯಾಯಸ್ಥಾನದ ಮುಂದೆ ಆ ದಾರಗಳನ್ನು ತಂದು ಓದಿಸಿದನು, ಗುಮಾಸ್ತನು ಬರೆದುಕೊಂಡನು. ಸುಮಾರು ಮೂವತ್ತು ವರ್ಷಗಳ ಲೆಕ್ಕ ಅದು. ಮುಯ್ಯಿಯನ್ನು ನಂಬಿ ಬದುಕಿದ ಜನ, ಮುಯ್ಯಿ ಎಂದರೇನೆಂದು ಅರಿಯದ ಹೊಸ ಒಡೆಯನ ಬಾಗಿಲಲ್ಲಿ ನಿಂತಿದ್ದರು.

ಈ ಪತ್ರವನ್ನು ಅನೇಕರು ಓದಿದ್ದರು. ಮುರ್ರಾ ನೋಡಿದ್ದು ಅಂಕಿಗಳನ್ನಲ್ಲ, ಅವುಗಳ ಅನುಕ್ರಮವನ್ನು. ಪ್ರತಿ ಬಾರಿಯೂ ಮೊದಲು ಮನುಷ್ಯರು, ಅನಂತರ ಲಾಮಾಗಳು, ಆಮೇಲೆ ಬಟ್ಟೆ. ಜೋಳ ಮೊದಲಾದ ಧಾನ್ಯಗಳ ಸರದಿ ಬರುವುದು ಅದರ ತರುವಾಯವೇ. ದಾರಗಳ ಸಾಲಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಿಂದಲೇ ಆ ಜನ ಯಾವುದನ್ನು ಎಷ್ಟು ಬೆಲೆಯುಳ್ಳದ್ದೆಂದು ಬಗೆದಿದ್ದರೆಂಬುದು ಗೋಚರವಾಗುತ್ತದೆ. ಅವರ ಬಾಯಿಂದ ಒಂದು ಮಾತೂ ಹೊರಡದೆಯೇ ಅವರ ಮನಸ್ಸಿನ ಏರ್ಪಾಡು ತಿಳಿಯಿತು. ಬಟ್ಟೆ ಅನ್ನಕ್ಕಿಂತ ಮೇಲೆ ಕುಳಿತದ್ದೇಕೆಂದು ನಾವು ಈಗಾಗಲೇ ಕಂಡಿದ್ದೇವೆ.

ಮುರ್ರಾ ಅವರ ಸಿದ್ಧಾಂತ ಎಲ್ಲೆಡೆಗೂ ಹೊಂದುವುದೆಂದು ಭಾವಿಸಬಾರದು. ಅವರೇ ತಮ್ಮ ಪ್ರಬಂಧದಲ್ಲಿ ಐದು ನಿದರ್ಶನಗಳನ್ನು ತೆಗೆದುಕೊಂಡು ದ್ವೀಪಮಾಲೆ ಎಲ್ಲಿ ಕಾಣುತ್ತದೆ, ಎಲ್ಲಿ ಸಂಶಯಾಸ್ಪದ ಎಂದು ಪರೀಕ್ಷಿಸಿದ್ದರು. ಪೆರುವಿನ ವಿದುಷಿ ಮರಿಯಾ ರೊಸ್ತ್‌ವೊರೊಫ್‌ಸ್ಕಿ ಕಡಲತೀರದ ಚಿಂಚಾ ಸೀಮೆಯಲ್ಲಿ ನಿಜವಾದ ವರ್ತಕರೇ ಇದ್ದರೆಂದು ತೋರಿಸಿಕೊಟ್ಟರು. ಮುರ್ರಾ ಅವರ ಶಿಷ್ಯರಾದ ಫ್ರಾಂಕ್ ಸಾಲೊಮನ್ ಈಕ್ವೆಡಾರಿನ ಕಡೆ ದೂರದ ವಸ್ತುಗಳನ್ನು ತರುತ್ತಿದ್ದವರು ನಾಯಕರ ಆಶ್ರಯದ ವ್ಯಾಪಾರಿಗಳೆಂದು ಕಂಡುಹಿಡಿದರು. ಗುರುವಿನ ಮಾತನ್ನು ಶಿಷ್ಯನು ತಿದ್ದುವುದು ವಿದ್ಯೆಯ ಲೋಕದಲ್ಲಿ ಅವಮಾನವಲ್ಲ.

ದ್ವೀಪಮಾಲೆ ಒಡೆದದ್ದು ಹೇಗೆ? ಸ್ಪೇನಿನವರು ಜನರನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡಾಗ ಕಡಲತೀರದ ನೆಲೆ ಒಬ್ಬ ಒಡೆಯನಿಗೆ, ಬೆಟ್ಟದ ಊರು ಇನ್ನೊಬ್ಬನಿಗೆ ಸೇರಿತು. ಲುಪಾಕಾಗಳ ಜೋಳದ ನೆಲೆಗಳು ಹೀಗೆ ಕೈಬಿಟ್ಟವು. ಪೋಲೊ ಒಂದೆಗಾರ್ದೊ ಎಂಬ ಸ್ಪೇನಿನ ನ್ಯಾಯವಾದಿಯೊಬ್ಬನು ಮಾತ್ರ ಇದು ಅನ್ಯಾಯವೆಂದು ಅರಿತು, ಬೆಟ್ಟದವರಿಗೆ ಅವರ ತಗ್ಗುನೆಲವನ್ನು ಮರಳಿಸಬೇಕೆಂದು ವಾದಿಸಿದನು. ಯೂರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳಿಗೆ ಜನ ಗುಂಪುಗುಂಪಾಗಿ ಸತ್ತರು. 1570ರ ದಶಕದಲ್ಲಿ ವೈಸ್‌ರಾಯ್ ತೊಲೇದೊ ಉಳಿದವರನ್ನು ಚದುರಿದ ನೆಲೆಗಳಿಂದ ಎಬ್ಬಿಸಿ, ಲೆಕ್ಕಕ್ಕೂ ತೆರಿಗೆಗೂ ಅನುಕೂಲವಾಗುವಂತೆ ಚೌಕಾಕಾರದ ಹೊಸ ಊರುಗಳಲ್ಲಿ ಕೂಡಿಹಾಕಿಸಿದನು. ಪೊಟೊಸಿಯ ಬೆಳ್ಳಿಯ ಗಣಿಗೆ ಸರದಿಯಂತೆ ಆಳುಗಳನ್ನು ಅಟ್ಟಲಾಯಿತು. ಅದಕ್ಕೆ ಇಟ್ಟ ಹೆಸರು ಮಾತ್ರ ಹಳೆಯ ಸರದಿ ದುಡಿಮೆಯ ಹೆಸರೇ, ಮೀತಾ. ಇಷ್ಟಾದರೂ ಪೆರು, ಬೊಲಿವಿಯಾಗಳ ಹಲವು ಹಳ್ಳಿಗಳಲ್ಲಿ ಇಂದಿಗೂ ಒಂದು ಕುಟುಂಬ ಮೇಲೊಂದು, ಕೆಳಗೊಂದು ಎಂದು ಬೇರೆ ಬೇರೆ ಎತ್ತರಗಳಲ್ಲಿ ಹೊಲವಿಟ್ಟುಕೊಂಡಿರುವುದನ್ನು ಕಾಣಬಹುದು.

ಮುರ್ರಾ 1968ರಿಂದ 1982ರವರೆಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, 2006ರಲ್ಲಿ ತೀರಿಕೊಂಡರು. ಅವರು ಕೈಗೊಂಡ ದೊಡ್ಡ ಕೆಲಸಗಳಲ್ಲಿ ಒಂದು ವಾಮನ್ ಪೋಮಾ ಎಂಬಾತನ ಹಸ್ತಪ್ರತಿಯ ಸಂಪಾದನೆ. ಈತ ಆಂಡೀಸಿನವನೇ, ಸ್ಪೇನಿನವರಿಂದ ಬರವಣಿಗೆ ಕಲಿತು, ತನ್ನ ಜನರ ಹಿಂದಿನ ಬಾಳನ್ನೂ ಇಂದಿನ ಗೋಳನ್ನೂ ಸ್ಪೇನಿನ ಅರಸನಿಗೆ ನಿವೇದಿಸಲೆಂದು 1615ರ ಸುಮಾರಿಗೆ 1,189 ಪುಟಗಳ ಒಂದು ಪತ್ರವನ್ನೇ ಬರೆದನು. ನಡುನಡುವೆ ಸುಮಾರು ನಾನೂರು ಚಿತ್ರಗಳು. 1908ರಲ್ಲಿ ಅದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ರಾಜಗ್ರಂಥಾಲಯದಲ್ಲಿ ಪತ್ತೆಯಾಯಿತು. ಅದರಲ್ಲಿನ ಕೆಚುವಾ ಭಾಗಗಳನ್ನು ಹೊರೆ ಉರಿಯೊಸ್ತೆ ಅನುವಾದಿಸಿದರು. ಮುರ್ರಾ ಅವರೂ ರೊಲೆನಾ ಅದೊರ್ನೊ ಅವರೂ ಕೂಡಿ ಸಂಪಾದಿಸಿದ ಆವೃತ್ತಿ 1980ರಲ್ಲಿ ಪ್ರಕಟವಾಯಿತು. ಅದರ ಒಂದು ಚಿತ್ರದಲ್ಲಿ ಸಾಲಾಗಿ ಉಗ್ರಾಣಗಳು ನಿಂತಿವೆ. ಇಂಕಾ ಅರಸ ಒಂದು ಪಕ್ಕದಲ್ಲಿ ನಿಂತು ವಿಚಾರಿಸುತ್ತಿದ್ದಾನೆ. ಎದುರಿಗೆ ಉಗ್ರಾಣದ ಲೆಕ್ಕಿಗನು ಎರಡೂ ಕೈಗಳಿಂದ ಕಿಪುವನ್ನು ಬಿಡಿಸಿ ಹಿಡಿದು ಲೆಕ್ಕ ಒಪ್ಪಿಸುತ್ತಿದ್ದಾನೆ.